ಕ್ರೋಂಪೇಟೆಯ ಚರ್ಮ, ಚನ್ನಪಟ್ಟಣದ ಉಳಿಹಿಡಿ

ಚೆನ್ನೈನಿಂದ ದಕ್ಷಿಣಕ್ಕೆ, ಪಲ್ಲಾವರಂ ದಾಟಿ ತಾಂಬರಂ ಮುಟ್ಟುವ ಮೊದಲು ಸಿಗುವ ಕ್ರೋಂಪೇಟೆ ಒಂದು ಕಾರ್ಖಾನೆಯ ಬೆನ್ನಿಗೆ ಬೆಳೆದ ಊರು. 1912ರಲ್ಲಿ ಜಿ.ಎ. ಚೇಂಬರ್ಸ್ ಎಂಬ ಉದ್ಯಮಿ ಆ ಭಾಗದಲ್ಲಿ ಕ್ರೋಮ್ ಲೆದರ್ ಕಂಪನಿ ಕಟ್ಟಿದರು. ಊರಿನ ಹೆಸರು ಬಂದದ್ದು ಅಲ್ಲಿಂದಲೇ. ಆ ಕಂಪನಿಗೆ ದಾರಿ ಮಾಡಿಕೊಟ್ಟದ್ದು ಅದಕ್ಕೂ ಒಂಬತ್ತು ಹತ್ತು ವರ್ಷ ಹಿಂದೆ ಮದ್ರಾಸಿನ ಸ್ಕೂಲ್ ಆಫ್ ಆರ್ಟ್ಸ್‌ನಲ್ಲಿ ನಡೆದ ಪ್ರಯೋಗಗಳು. ಅವನ್ನು ನಡೆಸಿದವರು ಆಲ್ಫ್ರೆಡ್ ಚಾಟರ್ಟನ್. ಮದ್ರಾಸಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರಾಗಿ ಬಂದು, ಅಲ್ಯೂಮಿನಿಯಂ ಪಾತ್ರೆ, ಕ್ರೋಮ್ ಚರ್ಮ, ನೀರೆತ್ತುವ ಎಂಜಿನ್ ಎಂದು ಒಂದಾದ ಮೇಲೊಂದು ಕೆಲಸಕ್ಕೆ ಕೈಹಾಕಿದ ಈ ಮನುಷ್ಯ, ಕ್ರೋಂಪೇಟೆಯ ಕಾರ್ಖಾನೆ ಎದ್ದ ಅದೇ 1912ರಲ್ಲಿ ಮದ್ರಾಸು ಬಿಟ್ಟು ಮೈಸೂರು ಸಂಸ್ಥಾನಕ್ಕೆ ಬಂದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿ 1918ರವರೆಗೆ ಚಾಟರ್ಟನ್ ಇಲ್ಲಿದ್ದರು. ಗಂಧದೆಣ್ಣೆಯ ಕಾರ್ಖಾನೆ ಎದ್ದದ್ದು ಅವರ ಕಾಲದಲ್ಲಿ. ಅದೇ ಸಂಸ್ಥಾನದೊಳಗೆ, ಬೆಂಗಳೂರು–ಮೈಸೂರು ದಾರಿಯಲ್ಲಿ, ಮರ ಕಡೆದು ಅರಗು ಹಚ್ಚುವ ಚನ್ನಪಟ್ಟಣವಿತ್ತು. ಹೀಗೆ ಎರಡು ಊರು, ಎರಡು ಕಸುಬು, ಕೈಕಸುಬನ್ನು ಯಂತ್ರಕ್ಕೆ ಒಯ್ಯುವ ಒಂದೇ ಕಾಲದ ಒಂದೇ ಆಲೋಚನೆಯ ಎದುರು ನಿಂತವು. ಒಂದು ಕಸುಬು ಕೆಲಸಗಾರನ ಕೈತಪ್ಪಿ ಕಾರ್ಖಾನೆಯ ಪಾಲಾಯಿತು. ಇನ್ನೊಂದು ಬಿಲ್ಲಿನ ಲೇತು ಬಿಟ್ಟು ಮೋಟರಿನ ಲೇತಿಗೆ ಹೋದರೂ ಕೆಲಸಗಾರನ ಕೈಯಲ್ಲೇ ಉಳಿಯಿತು. ಈ ವ್ಯತ್ಯಾಸಕ್ಕೆ ಬಂಡವಾಳ, ಮಾರುಕಟ್ಟೆ, ಸರ್ಕಾರದ ನೀತಿ ಎಂದು ಅನೇಕ ಕಾರಣ ಹೇಳಬಹುದು. ಅವೆಲ್ಲಕ್ಕಿಂತ ಒಳಗಿನ ಒಂದು ಕಾರಣವನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಮರವನ್ನು ತಿರುಗಿಸಿ ಕಡೆಯುವ ಕಡಚಲು ಕೆಲಸದವರು ತಮ್ಮ ಉಳಿಯನ್ನೂ ಅದರ ಮರದ ಹಿಡಿಯನ್ನೂ ತಾವೇ ಮಾಡಿಕೊಂಡರು. ಆ ಹಿಡಿಯನ್ನು ಸಣ್ಣ ವಿಷಯವೆಂದು ಬಿಟ್ಟ ಚರಿತ್ರೆಗೆ ಆ ಕಸುಬು ಪೂರ್ತಿಯಾಗಿ ಕಾಣುವುದಿಲ್ಲ.

ಮೊದಲು ಚರ್ಮದ ಮಾತು ಮುಗಿಸೋಣ. ದಕ್ಷಿಣ ಭಾರತದ ಚರ್ಮದ ಕೆಲಸಕ್ಕೆ ಮೂಲ ತಂಗಡಿ ಗಿಡದ ತೊಗಟೆ. ತಮಿಳು ನಾಡಿನಲ್ಲೂ ಮೈಸೂರು ಸೀಮೆಯಲ್ಲೂ ಬಯಲಲ್ಲಿ ತಾನಾಗಿ ಬೆಳೆಯುವ, ಹಳದಿ ಹೂವಿನ ಗಿಡ ಅದು. ತೊಗಟೆಯ ನೀರಿನಲ್ಲಿ ಚರ್ಮ ವಾರಗಟ್ಟಲೆ ನೆನೆಯಬೇಕು. ಯಾವ ನೀರಿಗೆ ಎಷ್ಟು ತೊಗಟೆ, ಯಾವ ದಿನ ಚರ್ಮ ಎತ್ತಬೇಕು ಎಂಬುದು ಅಂಗೈಗೂ ಮೂಗಿಗೂ ಗೊತ್ತಿದ್ದ ಲೆಕ್ಕ. ಅಮೆರಿಕದಲ್ಲಿ ಅಗಸ್ಟಸ್ ಶುಲ್ಟ್ಜ್ 1884ರಲ್ಲಿ, ಮಾರ್ಟಿನ್ ಡೆನಿಸ್ 1893ರಲ್ಲಿ ಪೇಟೆಂಟ್ ಪಡೆದ, ಕ್ರೋಮಿಯಂ ಲವಣದಿಂದ ಚರ್ಮ ಹದ ಮಾಡುವ ಕ್ರೋಮ್ ವಿಧಾನಗಳು ವಾರಗಳ ಕೆಲಸವನ್ನು ದಿನಗಳಿಗೆ ಇಳಿಸಿದವು. ಚಾಟರ್ಟನ್ ಈ ವಿಧಾನವನ್ನು ಮದ್ರಾಸಿಗೆ ತಂದದ್ದು ಒಳ್ಳೆಯ ಉದ್ದೇಶದಿಂದಲೇ. ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಬಾನಿ ಬೇಗ ಕೊಳೆಯುತ್ತಿತ್ತು. ಕ್ರೋಮ್ ಚರ್ಮ ನೀರಿಗೆ ಜಗ್ಗುವುದಿಲ್ಲ. ರೈತನ ಬಾನಿಯೇ ಆ ಪ್ರಯೋಗದ ಮೊದಲ ಗುರಿಗಳಲ್ಲಿ ಒಂದಾಗಿತ್ತು ಎಂಬುದನ್ನು ಗೌರವದಿಂದ ನೆನೆಯಬೇಕು. ಆದರೆ ಕ್ರೋಮಿಯಂ ಲವಣ ಬಯಲಲ್ಲಿ ಬೆಳೆಯುವುದಿಲ್ಲ. ಅದಕ್ಕೆ ರಾಸಾಯನಿಕ ಬೇಕು, ತಿರುಗುವ ದೊಡ್ಡ ಪೀಪಾಯಿ ಬೇಕು, ಅಳತೆ ಮಾಡುವ ರಸಾಯನಜ್ಞ ಬೇಕು. ಚರ್ಮ ಹದವಾಯಿತೇ ಎಂದು ಹೇಳುವ ಅಧಿಕಾರ ಅಂಗೈಯಿಂದ ಪ್ರಯೋಗಶಾಲೆಗೆ ಹೋಯಿತು. 1910ರಲ್ಲಿ ಭಾರತ ಮಂತ್ರಿ ಲಾರ್ಡ್ ಮಾರ್ಲಿ ಸರ್ಕಾರವೇ ಕಾರ್ಖಾನೆ ನಡೆಸುವುದಕ್ಕೆ ತಡೆ ಹಾಕಿದ ಮೇಲೆ ಈ ಉದ್ಯಮ ಖಾಸಗಿ ಬಂಡವಾಳದ ಕೈಸೇರಿತು. ಕ್ರೋಂಪೇಟೆ ಆ ಬದಲಾವಣೆಯ ಗುರುತು. ಚರ್ಮದ ಕೆಲಸಗಾರ ಆಮೇಲೂ ಇದ್ದ, ಕಷ್ಟಪಟ್ಟು ದುಡಿದ. ಆದರೆ ಹದ ಅವನದ್ದಾಗಿ ಉಳಿಯಲಿಲ್ಲ.

ಇನ್ನು ಮರದ ಮಾತು. ತಿರುಗಿಸಿ ಕಡೆಯುವ ಕೆಲಸ ಕನ್ನಡ ನಾಡಿಗೆ ಹೊಸದಲ್ಲ. ಕಲ್ಲಿನಲ್ಲಿ ಅದರ ಸಾಕ್ಷಿ ನಮ್ಮ ಕಣ್ಣೆದುರೇ ಇದೆ. ಲಕ್ಕುಂಡಿಯ ಚಾಲುಕ್ಯ ಗುಡಿಗಳಲ್ಲಿ, ಬೇಲೂರು ಹಳೇಬೀಡುಗಳ ಹೊಯ್ಸಳ ಗುಡಿಗಳಲ್ಲಿ ಬಳಪದ ಕಲ್ಲಿನ ಕಂಬಗಳು ತಿರುಗಿಸಿ ಕಡೆದವು. ಅವುಗಳ ಮೇಲಿನ ಬಳೆಬಳೆಯಾದ ಗೆರೆಗಳು ಚಕ್ರದ ಮೇಲಲ್ಲದೆ ಅಷ್ಟು ಸಮನಾಗಿ ಬರುವುದಿಲ್ಲ. ಆದರೆ ಅಷ್ಟು ಕಂಬ ಉಳಿದರೂ ಅವನ್ನು ಕಡೆದ ಉಳಿ ಉಳಿದಿಲ್ಲ. ಅದಕ್ಕೆ ಸರಳ ಕಾರಣವಿದೆ. ಸವೆದ ಉಕ್ಕು ಮತ್ತೆ ಕುಲುಮೆಗೆ ಹೋಗುತ್ತದೆ, ಸೀಳಿದ ಹಿಡಿ ಒಲೆಗೆ ಹೋಗುತ್ತದೆ. ಕಸುಬಿನ ಚರಿತ್ರೆ ಬರೆಯುವವರ ಕೈಗೆ ಸಿಗುವುದು ಮಾಡಿದ ವಸ್ತು, ಇಲ್ಲವೇ ಅದನ್ನು ಕಂಡವರು ಬರೆದಿಟ್ಟ ಟಿಪ್ಪಣಿ. ಚನ್ನಪಟ್ಟಣದ ಮಟ್ಟಿಗೂ ಹೀಗೆಯೇ. 1800ರಲ್ಲಿ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗಾಜಿನ ಬಳೆಯನ್ನೂ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನೂ ಗಮನಿಸಿದರು. ಮುಂದೆ ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ಅರಗಿನ ಸಾಮಾನು, ಆಟಿಕೆ, ಅದೇ ಉಕ್ಕಿನ ತಂತಿಗಳನ್ನು ಈ ಊರಿನ ಹೆಸರಿನ ಜೊತೆ ಸೇರಿಸಿದರು. ಟಿಪ್ಪು ಸುಲ್ತಾನ್ ಪರ್ಶಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಎಂಬುದು ಊರಿನವರ ಮಾತು. ಜಪಾನಿನ ತಂತ್ರವನ್ನು ಇಲ್ಲಿನ ಕೆಲಸಕ್ಕೆ ಅಳವಡಿಸಿದ ಬಾವಾಸ್ ಮಿಯಾನ್ ಅವರನ್ನು ಚನ್ನಪಟ್ಟಣದ ಗೊಂಬೆಯ ಪಿತಾಮಹ ಎಂದು ಕರೆಯುತ್ತಾರೆ. ಈ ಎಲ್ಲ ಕಥನಗಳಲ್ಲೂ ಹೊರಗಿನಿಂದ ಬಂದದ್ದಕ್ಕೆ ಜಾಗವಿದೆ, ಮಾರಾಟವಾದದ್ದಕ್ಕೆ ಜಾಗವಿದೆ. ಉಳಿ ಹಿಡಿದ ಕೈಗೆ ಇಲ್ಲ. ನನಗೆ ಇಲ್ಲಿ ಮುಖ್ಯವಾಗಿ ತೋರುವುದು ಆ ಉಕ್ಕಿನ ತಂತಿ. ವೀಣೆಗೆ ಬಿಗಿಯುವಷ್ಟು ಸಣ್ಣ ತಂತಿಯನ್ನು ಎಳೆಯಬಲ್ಲ ಊರಿನಲ್ಲಿ ಉಕ್ಕಿನ ಗುಣ ಬಲ್ಲವರಿದ್ದರು. ಒಳ್ಳೆಯ ಅಂಚಿನ ಉಳಿಗಾಗಿ ಅಲ್ಲಿನ ಕಡಚಲಿನವರು ಹಡಗಿನ ದಾರಿ ಕಾಯಬೇಕಾಗಿರಲಿಲ್ಲ.

ಹಿಡಿಯ ಬಗ್ಗೆ ನೇರವಾಗಿ ಮಾತಾಡುವ ಹಳೆಯ ಬರಹ ಒಂದಿದೆ. ಲಂಡನ್ನಿನ ಹೋಲ್ಟ್‌ಸಾಪ್‌ಫೆಲ್ ಮನೆತನ ಲೇತ್ ತಯಾರಿಕೆಗೆ ಹೆಸರಾದದ್ದು. ಅವರು ಹೊರತಂದ ಕಡಚಲು ವಿದ್ಯೆಯ ದೊಡ್ಡ ಗ್ರಂಥದ ನಾಲ್ಕನೆಯ ಸಂಪುಟ, 1881ರದ್ದು, ಭಾರತದ ಕಡಚಲಿನವನ ಕೆಲಸವನ್ನು ಹತ್ತಿರದಿಂದ ವಿವರಿಸುತ್ತದೆ. ಕೆಲಸ ಕೊಟ್ಟವರ ಮನೆಬಾಗಿಲಿಗೇ ಅವನು ಸಾಮಾನಿನೊಂದಿಗೆ ಬರುತ್ತಾನೆ. ನೆಲದಲ್ಲಿ ಎರಡು ಗುಳಿ ತೋಡಿ ಎರಡು ಗಿಡ್ಡ ಗೂಟ ನೆಡುತ್ತಾನೆ, ಕಲ್ಲು ಬೆಣೆ ಹೊಡೆದು ಬಿಗಿ ಮಾಡುತ್ತಾನೆ. ಗೂಟಗಳಲ್ಲಿ ನೆಲದಿಂದ ಒಂದು ಗೇಣಿನಷ್ಟು ಎತ್ತರಕ್ಕೆ ಎರಡು ಮೊಳೆ. ಅವುಗಳ ನಡುವೆ ಕಡೆಯಬೇಕಾದ ಮರ. ಉಳಿ ಆನಿಸಲು ಅಡ್ಡಲಾಗಿ ಒಂದು ದಂಡ, ಅದನ್ನು ಕಟ್ಟಲು ತೆಂಗಿನ ನಾರಿನ ಹಗ್ಗ. ಎದುರಿಗೆ ಕೂತ ಹುಡುಗ ಮರಕ್ಕೆ ಸುತ್ತಿದ ಹಗ್ಗದ ಎರಡು ತುದಿಯನ್ನು ಒಂದಾದ ಮೇಲೊಂದು ಎಳೆಯುತ್ತಾನೆ. ಮರ ಒಮ್ಮೆ ಉಳಿಯ ಕಡೆಗೆ, ಒಮ್ಮೆ ಉಳಿಯಿಂದಾಚೆಗೆ ತಿರುಗುತ್ತದೆ. ಅರ್ಧ ತಿರುವಿನಲ್ಲಷ್ಟೇ ಉಳಿ ಕಚ್ಚುತ್ತದೆ. ಉಳಿಗಳೂ ಹೆಚ್ಚಿಲ್ಲ. ಚಪ್ಪಟೆ ಬಾಯಿಯದೊಂದು, ಗುಂಡು ಬಾಯಿಯದೊಂದು. ಅವನ ಹಿಡಿಗಳು ಉದ್ದ, ಯಾಕೆಂದರೆ ಅವನು ಕೂತಿರುವುದು ಮರದಿಂದ ದೂರದಲ್ಲಿ. ಕಾಲಿನ ಕಿರುಬೆರಳುಗಳಿಂದ ದಂಡವನ್ನು ಅವುಚಿ, ಹೆಬ್ಬೆರಳು ಮತ್ತದರ ಪಕ್ಕದ ಬೆರಳಿನ ಸಂದಿಯಲ್ಲಿ ಉಳಿಯನ್ನಿಟ್ಟು, ಕಾಲಿನಿಂದಲೇ ಅಂಚಿಗೆ ದಾರಿ ತೋರಿಸುತ್ತಾನೆ. ಬಿಲ್ಲಿನಿಂದ ಮರ ತಿರುಗಿಸುವ ಕೈಲೇತಿನಲ್ಲಿ ಹುಡುಗನೂ ಬೇಡ. ಒಂದು ಕೈಗೆ ಬಿಲ್ಲು, ಇನ್ನೊಂದಕ್ಕೆ ಉಳಿ, ಎರಡನೆಯ ಕೈಯ ಬದಲಿಗೆ ಪಾದ. ಚನ್ನಪಟ್ಟಣದ ಹಳೆಯ ಕೈಲೇತೂ ಬಿಲ್ಲಿನದೇ.

ಈ ವಿವರಣೆ ಬರೆದವರು ಹೊರಗಿನವರು, ಅವರ ಕಣ್ಣಿಗೆ ಇದು ಹಿಂದುಳಿದ ಕೆಲಸ, ಇದನ್ನು ಸಾಕ್ಷಿಯಾಗಿ ಎಷ್ಟು ನೆಚ್ಚಬೇಕು ಎಂದು ಕೇಳಬಹುದು. ಅವರ ತೀರ್ಪನ್ನು ನಾವು ತೆಗೆದುಕೊಳ್ಳಬೇಕಾಗಿಲ್ಲ. ಅವರು ಕಂಡ ಅಳತೆಯನ್ನು ತೆಗೆದುಕೊಂಡರೆ ಸಾಕು. ಅವರೇ ಲೇತ್ ಮಾರುವವರು, ಯಾವ ಭಾಗ ಯಾವುದಕ್ಕೆ ಎಂದು ಬಲ್ಲವರು. ಹಿಡಿ ಉದ್ದವಿರುವುದು ಕೂರುವ ದೂರಕ್ಕಾಗಿ ಎಂದು ಅವರು ಬರೆದರೆ ಅದಕ್ಕೆ ತೂಕವಿದೆ. ಆ ಒಂದು ಮಾತಿನಿಂದ ಹೊರಡುವ ಅರ್ಥ ದೊಡ್ಡದು. ಹಿಡಿಯ ಉದ್ದವನ್ನು ನಿಶ್ಚಯಿಸಿದ್ದು ಮರವಲ್ಲ, ಉಕ್ಕಲ್ಲ, ಕೆಲಸಗಾರನ ಮೈ. ಅವನ ಕಾಲಿನ ಉದ್ದ, ಮಂಡಿ ಮಡಚುವ ರೀತಿ, ಬೆನ್ನು ಬಾಗುವ ಮಟ್ಟ, ಕಾಲ್ಬೆರಳಿನ ಹಿಡಿತ ಇವೆಲ್ಲ ಕೂಡಿ ಒಂದು ಅಳತೆಯಾಗುತ್ತದೆ. ಆ ಅಳತೆ ಇನ್ನೊಬ್ಬನಿಗೆ ಹೊಂದುವುದಿಲ್ಲ. ಅಂಗಡಿಯಲ್ಲಿ ಕೊಂಡ ಹಿಡಿ ಯಾರದೋ ಸರಾಸರಿ ಮೈಗೆ ಮಾಡಿದ್ದು. ಕಾಲಿನಲ್ಲಿ ಉಳಿ ಹಿಡಿಯುವವನಿಗೆ ಆ ಸರಾಸರಿಯಿಂದ ಕೆಲಸ ಸಾಗದು. ಎರಡು ಬೆರಳಿನಷ್ಟು ಗಿಡ್ಡವಾದರೂ ಅವನು ದಿನವಿಡೀ ಮುಂದಕ್ಕೆ ಬಾಗಿರಬೇಕಾಗುತ್ತದೆ.

ಹಿಡಿ ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ವಾದದ ಗಟ್ಟಿ ಭಾಗ ಇಲ್ಲಿದೆ. ಉಳಿಯ ಉಕ್ಕು ಹೆಚ್ಚಾಗಿ ಬೇರೆ ಯಾವುದೋ ಕೆಲಸ ಮುಗಿಸಿ ಬಂದದ್ದು. ಹಲ್ಲು ಸವೆದ ಅರ, ಲಾರಿಯ ಸ್ಪ್ರಿಂಗ್ ಪಟ್ಟಿ. ಅರದ ಉಕ್ಕು ಗಡಸು, ಹಾಗಾಗಿ ಪೆಡಸು. ಕಾಸಿ ಅದರ ಗಡಸನ್ನು ಒಂದಿಷ್ಟು ಇಳಿಸದೆ ಉಳಿ ಮಾಡಿದರೆ ಕೆಲಸದ ನಡುವೆ ಚಟ್ಟನೆ ಮುರಿಯುತ್ತದೆ. ಸ್ಪ್ರಿಂಗ್ ಪಟ್ಟಿ ಬಾಗಿ ತಾಳಿಕೊಳ್ಳುತ್ತದೆ, ಆದರೆ ಅಂಚು ಬೇಗ ಮೊಂಡಾಗುತ್ತದೆ, ಮತ್ತೆ ಮತ್ತೆ ಸಾಣೆ ಕೇಳುತ್ತದೆ. ಹಿಡಿಯೊಳಗೆ ಹೋಗುವ ಬಾಲವನ್ನು ತೆಳ್ಳಗೆ ಚೂಪಾಗಿ ಬಡಿದಿರುತ್ತಾರೆ. ಗೊಂಬೆಗೆ ಒದಗುವ ಹಾಲೆ ಮರ ಬಿಳಿ, ಮೃದು, ಕಡೆಯಲು ಬೆಣ್ಣೆಯಂಥದು. ಹಿಡಿಗೆ ಅಷ್ಟು ಮೃದು ಸಾಲದು. ಹಿಡಿಗೆ ಗಟ್ಟಿಯೂ ಹೊಡೆತ ತಾಳುವುದೂ ಆದ ಮರ ಬೇಕು. ಕೊಡಲಿ ಕಾವಿಗೂ ಗಾಡಿಯ ಅಚ್ಚಿಗೂ ಬಳಸುತ್ತ ಬಂದ ದಿಂಡಿಗ, ಬಾಗಿ ನೆಟ್ಟಗಾಗುವ ಗುಣಕ್ಕೆ ಹೆಸರಾದ ತಡಸಲು, ಊರ ಸುತ್ತ ಸುಲಭಕ್ಕೆ ಸಿಗುವ ಜಾಲಿ, ಹುಣಸೆ, ಇಂಥವು. ಎಳೆ ಉದ್ದಕ್ಕೂ ನೇರವಾಗಿರಬೇಕು, ಗಂಟಿರಬಾರದು, ಚೆನ್ನಾಗಿ ಒಣಗಿರಬೇಕು. ಹಸಿ ಮರದ ಹಿಡಿ ಒಣಗಿದ ಮೇಲೆ ಬಾಲವನ್ನು ಸಡಿಲ ಬಿಡುತ್ತದೆ. ಮೊದಲು ತುಂಡಿನ ತುದಿಗೆ ತೂತು ಕೊರೆಯುತ್ತಾರೆ, ಆಮೇಲೆ ಅದೇ ತೂತನ್ನು ಲೇತಿನ ಮೊಳೆಗೆ ಸಿಕ್ಕಿಸಿ ಹೊರಮೈ ಕಡೆಯುತ್ತಾರೆ. ಈ ಕ್ರಮ ಹಿಂದುಮುಂದಾದರೆ ತೂತು ಒಂದು ಬದಿಗೆ ಓಡಿ ಉಳಿ ಹಿಡಿಗೆ ಸೊಟ್ಟಗೆ ಕೂರುತ್ತದೆ. ತೂತಿನ ಸುತ್ತಲೇ ಕಡೆದರೆ ಎರಡಕ್ಕೂ ನಡುಗೆರೆ ಒಂದೇ. ಬಾಯಿಯ ಕಡೆ ಮರವನ್ನು ಕೂದಲೆಳೆಯಷ್ಟು ಹೆಚ್ಚು ದಪ್ಪ ಉಳಿಸಿ, ಹಿತ್ತಾಳೆಯ ಅಥವಾ ಕಬ್ಬಿಣದ ಕೊಳವೆಯ ತುಂಡೊಂದನ್ನು ಬಳೆಯಾಗಿ ಬಡಿದು ಕೂರಿಸುತ್ತಾರೆ. ಬಾಲದ ಬೆಣೆಹೊಡೆತಕ್ಕೆ ಮರ ಸೀಳದಂತೆ ಕಾಯುವುದು ಅದೇ. ಕೊನೆಗೆ ಬಾಲವನ್ನು ಕಾಸಿ ತೂತಿಗೆ ಇಳಿಸಿದರೆ ಅದು ಒಳಗಿನ ಮರವನ್ನು ಸುಟ್ಟುಕೊಂಡು ತನ್ನ ಆಕಾರಕ್ಕೆ ಜಾಗ ಮಾಡಿಕೊಳ್ಳುತ್ತದೆ. ನಮ್ಮ ದೇಶದ ಕತ್ತಿಗಳ ಹಿಡಿಯನ್ನು ಕರಗಿಸಿದ ಅರಗಿನಿಂದ ಬಿಗಿ ಮಾಡುವ ಪದ್ಧತಿ ಹಳೆಯದು. ಅರಗೇ ಕಸುಬಾಗಿರುವವರ ಅಂಗಳದಲ್ಲಿ ಅದಕ್ಕೆ ಕೊರತೆಯಿಲ್ಲ.

ಇಲ್ಲಿ ಒಂದು ಸಂಗತಿ ಗಮನಿಸಿ. ಹಿಡಿ ಮಾಡುವ ಯಂತ್ರ, ಆ ಹಿಡಿ ದುಡಿಯುವ ಯಂತ್ರ, ಎರಡೂ ಒಂದೇ. ಹಿಡಿ ಮಾಡುವ ಉಳಿಯೂ ಹಿಂದೆ ಇದೇ ರೀತಿ ಹಿಡಿ ಪಡೆದದ್ದು. ನೇಕಾರ ತನ್ನ ಮಗ್ಗದಲ್ಲಿ ಮಗ್ಗ ನೇಯಲಾರ, ಚರ್ಮ ಹದ ಮಾಡುವವನು ತನ್ನ ಪೀಪಾಯಿಯಲ್ಲಿ ಪೀಪಾಯಿ ಮಾಡಲಾರ. ಕಡಚಲಿನವನಿಗೆ ಆ ಅನುಕೂಲವಿದೆ. ಅವನ ಉಪಕರಣದ ಅರ್ಧಭಾಗ ಅವನ ಕಸುಬಿನ ಒಳಗಿನಿಂದಲೇ ಹುಟ್ಟುತ್ತದೆ. ಚಾಟರ್ಟನ್‌ರ ಅನುಭವವನ್ನು ಈ ಬೆಳಕಿನಲ್ಲಿ ಓದಬೇಕು. ಸೇಲಂನಲ್ಲಿ ಅವರು ನೇಕಾರರನ್ನು ಒಂದೇ ಸೂರಿನಡಿ ಕೂಡಿಸಿ ನಡೆಸಿದ ನೇಯ್ಗೆ ಕಾರ್ಖಾನೆ ನೆಲೆ ನಿಲ್ಲಲಿಲ್ಲ. ತಮ್ಮ ಮನೆ, ತಮ್ಮ ಹೊತ್ತು ಬಿಟ್ಟು ಬಂದು ಕೆಲಸ ಮಾಡಲು ನೇಕಾರರು ಒಪ್ಪಲಿಲ್ಲ. ಆದರೆ ಕೈಮಗ್ಗಕ್ಕೆ ಜೋಡಿಸುವ ಹಾರುಲಾಳಿ ಮನೆಮನೆಗೆ ಹೋಯಿತು. ಮಗ್ಗವನ್ನೂ ನೇಕಾರನನ್ನೂ ಇದ್ದಲ್ಲೇ ಬಿಟ್ಟು ಒಂದು ಭಾಗವನ್ನಷ್ಟೇ ಬದಲಿಸಿದ ಸುಧಾರಣೆ ಗೆದ್ದಿತು, ಎಲ್ಲವನ್ನೂ ಎತ್ತಿ ಬೇರೆಡೆ ಇಡಲು ಹೊರಟದ್ದು ಸೋತಿತು. ಕಡಚಲಿನ ಕಸುಬಿನಲ್ಲಿ ಬಿಲ್ಲಿನ ಜಾಗಕ್ಕೆ ಮೋಟರು ಬಂದದ್ದು ಹಾರುಲಾಳಿಯ ದಾರಿಯಲ್ಲಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಹರಿದ ಸಂಸ್ಥಾನದಲ್ಲಿ ಲೇತಿಗೆ ವಿದ್ಯುತ್ತು ತಾಗುವುದು ಕಾಲದ ಮಾತಷ್ಟೇ ಆಗಿತ್ತು. ತಾಗಿದಾಗ ಮರ ತಿರುಗಿಸುವ ಶಕ್ತಿ ಬದಲಾಯಿತು. ಮರಕ್ಕೆ ಅಂಚು ತಾಗಿಸುವ ಕೈ, ಆ ಕೈಗೆ ತಕ್ಕ ಹಿಡಿ, ಎರಡೂ ಕೆಲಸಗಾರನ ಬಳಿಯೇ ಇದ್ದವು.

ಇದಕ್ಕೆ ಮೊದಲ ಆಕ್ಷೇಪ ಬಡತನದ್ದು. ಹಿಡಿಯನ್ನು ತಾನೇ ಮಾಡಿಕೊಂಡದ್ದು ಕೊಳ್ಳಲು ಕಾಸಿಲ್ಲದೆ. ಅದರಲ್ಲಿ ಸ್ವಾತಂತ್ರ್ಯ ಹುಡುಕುವುದು ಹಸಿದವನ ಉಪವಾಸವನ್ನು ವ್ರತವೆಂದು ಹೊಗಳಿದಂತೆ ಎಂದು ಯಾರಾದರೂ ಹೇಳಿದರೆ ತಳ್ಳಿಹಾಕಲಾಗದು. ಕಾಸಿನ ಕೊರತೆ ನಿಜ. ಆದರೆ ಬಡತನವೊಂದೇ ಕಾರಣವಾಗಿದ್ದರೆ ಕಾಸು ಇದ್ದಲ್ಲಿ ಈ ರೂಢಿ ಇರಬಾರದಿತ್ತು. ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ದುಬಾರಿ ಉಕ್ಕಿನ ಕಡಚಲು ಉಳಿಗಳನ್ನು ಇವತ್ತಿಗೂ ಹಿಡಿಯಿಲ್ಲದೆ ಮಾರುತ್ತಾರೆ, ಕೊಂಡವರು ಆಶ್ ಮರದ್ದೋ ಬೀಚ್ ಮರದ್ದೋ ಹಿಡಿಯನ್ನು ತಮ್ಮ ಲೇತಿನಲ್ಲೇ ಕಡೆದುಕೊಳ್ಳುತ್ತಾರೆ. ಅರವನ್ನಂತೂ ಬಹಳ ಕಡೆ ಬೋಳು ಬಾಲದೊಂದಿಗೇ ಮಾರುವುದುಂಟು. ಉಕ್ಕಿನ ಕೆಲಸ ಕಾರ್ಖಾನೆಗೆ, ಹಿಡಿಯ ಕೆಲಸ ಬಳಸುವವನಿಗೆ ಎಂಬ ಹಂಚಿಕೆ ಶ್ರೀಮಂತ ದೇಶದಲ್ಲೂ ನಿಂತಿದೆ ಎಂದರೆ ಅದರ ಬೇರು ಕಸುಬಿನಲ್ಲೇ ಇದೆ. ಬಡತನ ಉಕ್ಕನ್ನು ಎಲ್ಲಿಂದ ತರಬೇಕು ಎಂಬುದನ್ನು ನಿಶ್ಚಯಿಸಿತು. ಹಿಡಿಯನ್ನು ಯಾರು ಮಾಡಬೇಕು ಎಂಬುದನ್ನಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರ. ಮೋಟರು ಬಂದ ಮೇಲೆ ಕಾಲಿನ ಕೆಲಸ ನಿಂತಿತು, ಕೂರುವ ಎತ್ತರ ಬದಲಾಯಿತು, ಬಿಲ್ಲು ಹಿಡಿದಿದ್ದ ಕೈಯೂ ಉಳಿಗೆ ಬಂತು. ಉದ್ದ ಹಿಡಿಗೆ ಕಾರಣವಾಗಿದ್ದ ದೂರವೇ ಇಲ್ಲವಾದ ಮೇಲೆ ಹಳೆಯ ಹಿಡಿಯ ಗುಣಗಾನದಿಂದ ಏನು ಸಾಧಿಸಿದಂತಾಯಿತು? ಸಾಧಿಸಬೇಕಾದ್ದು ಇದೇ: ಹಿಡಿ ಬದಲಾಯಿತು, ಮಾಡುವವನು ಬದಲಾಗಲಿಲ್ಲ. ಮೋಟರಿನ ಲೇತಿನಲ್ಲಿ ಹಿಡಿಗೆ ಬೇರೆಯೇ ಲೆಕ್ಕ ಬಂತು. ಮರ ಈಗ ನಿಲ್ಲದೆ ಒಂದೇ ದಿಕ್ಕಿಗೆ, ಬಿಲ್ಲಿಗಿಂತ ಎಷ್ಟೋ ಪಾಲು ವೇಗದಲ್ಲಿ ತಿರುಗುತ್ತದೆ. ಅಂಚು ಒಮ್ಮೆ ಆಳಕ್ಕೆ ಕಚ್ಚಿಕೊಂಡರೆ ಉಳಿಯ ಬೆನ್ನನ್ನು ಮೇಲಕ್ಕೆ ಎತ್ತಿ ಒಗೆಯುತ್ತದೆ. ಉಳಿ ಆನಿಸುವ ಪಟ್ಟಿಯಿಂದ ಅಂಚು 2 ಸೆಂಟಿಮೀಟರ್ ಮುಂದಿದ್ದು ಕೈ 40 ಸೆಂಟಿಮೀಟರ್ ಹಿಂದಿದ್ದರೆ, ಅಂಚಿಗೆ ಬಿದ್ದ ಬಲದ ಇಪ್ಪತ್ತರಲ್ಲಿ ಒಂದು ಪಾಲಿನಿಂದ ಕೈ ಅದನ್ನು ತಡೆಯಬಲ್ಲದು. ಹಿಡಿ ಗಿಡ್ಡವಾಗಿ ಕೈ 20 ಸೆಂಟಿಮೀಟರಿಗೆ ಬಂದರೆ ಬೇಕಾಗುವ ಬಲ ಎರಡು ಪಟ್ಟು. ಬಟ್ಟಲಿನ ಒಳಮೈ ತೋಡುವಾಗ ಅಂಚು ಪಟ್ಟಿಯಿಂದ ಇನ್ನೂ ಮುಂದೆ ಹೋಗುತ್ತದೆ, ಆಗ ಹಿಡಿ ಉದ್ದವಿರಬೇಕು. ಮಣಿಗೆ ಗೆರೆ ಕೊರೆಯುವಾಗ ಅಷ್ಟು ಉದ್ದ ಅಡ್ಡಿ. ಹೀಗೆ ಮೈಯ ದೂರಕ್ಕೆ ಮಾಡಿದ ಹಿಡಿಯ ಜಾಗಕ್ಕೆ ಕೆಲಸದ ಆಳಕ್ಕೆ ತಕ್ಕ ಹಿಡಿ ಬಂತು. ಈ ಹೊಸ ಅಳತೆಯನ್ನು ಯಾವ ಇಲಾಖೆಯೂ ಕಳಿಸಿಕೊಡಲಿಲ್ಲ. ಒಂದು ಹಿಡಿ ಸರಿಹೋಗಲಿಲ್ಲವೆಂದರೆ ಇನ್ನೊಂದನ್ನು ಅಂದೇ ಕಡೆದು ನೋಡುವ ಅವಕಾಶವಿದ್ದವರು ಅದನ್ನು ಕೆಲಸ ಮಾಡುತ್ತಲೇ ಕಂಡುಕೊಳ್ಳಬಲ್ಲರು. ಕ್ರೋಮ್ ಪೀಪಾಯಿಯ ಮುಂದೆ ನಿಂತವನಿಗೆ ಅಂಥ ಅವಕಾಶವಿರಲಿಲ್ಲ. ದ್ರಾವಣದ ಪ್ರಮಾಣ ಸರಿಯಿಲ್ಲವೆಂದು ಅನುಮಾನ ಬಂದರೂ ಬದಲಿಸುವ ಅಧಿಕಾರ ಅವನದಲ್ಲ.

ಮೂರನೆಯ ಮಾತನ್ನು ಚನ್ನಪಟ್ಟಣದವರೇ ಕೇಳಬಹುದು, ಅದಕ್ಕೆ ತಪ್ಪಿಸಿಕೊಳ್ಳದೆ ಉತ್ತರ ಹೇಳಬೇಕು. ಹಿಡಿ ಕೈಯಲ್ಲೇ ಉಳಿದರೂ ಹೊಟ್ಟೆ ತುಂಬಿತೇ? ಅಗ್ಗದ ಪ್ಲಾಸ್ಟಿಕ್ ಆಟಿಕೆ ಬಂದಾಗ ಗೊಂಬೆಯ ಮಾರಾಟ ಬಿದ್ದಿತು, ಅನೇಕರು ಕಸುಬು ಬಿಟ್ಟರು. 2005–06ರ ಸಾಲಿನಲ್ಲಿ ಭೌಗೋಳಿಕ ಗುರುತಿನ ನೋಂದಣಿ ಆದದ್ದರಿಂದ ಹೆಸರಿಗೆ ರಕ್ಷಣೆ ಸಿಕ್ಕಿತು, ಕೂಲಿಗೆ ಅಲ್ಲ. ಹಿಡಿ ಕೂಲಿ ಕೊಡುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಬಿದ್ದ ಕಸುಬು ಹೇಗೆ ಮತ್ತೆ ಎದ್ದಿತು ಎಂದು ನೋಡಿದರೆ ಹಿಡಿಯ ಪಾತ್ರ ಕಾಣುತ್ತದೆ. ಗೊಂಬೆ ಹೋದ ಜಾಗಕ್ಕೆ ಮಣಿ, ಬಳೆ, ಪರದೆಯ ಗುಂಡು, ಮೇಜಿನ ಸೆಳೆಖಾನೆಯ ಗುಬುಟು, ಎಳೆಮಕ್ಕಳ ಗಿಲಕಿ, ಅರಿಸಿನ ನೀಲಿಗಳ ಬಣ್ಣದ ಸಾಮಾನು ಬಂದವು. ಪ್ರತಿಯೊಂದು ಹೊಸ ಆಕಾರಕ್ಕೂ ಹೊಸ ಅಂಚು ಬೇಕು. ಬಳೆಯ ಒಳಸುತ್ತನ್ನು ತೆಗೆಯುವ ಬಾಯಿ ಬೇರೆ, ಮಣಿಯ ಉಬ್ಬಿಗೆ ಬೇಕಾದ ಬಾಯಿ ಬೇರೆ. ಉಳಿಯನ್ನು ಕೊಂಡು ತರುವ ಕಸುಬಾಗಿದ್ದರೆ ಪ್ರತಿ ಹೊಸ ಬೇಡಿಕೆಗೂ ಮೊದಲು ಬಂಡವಾಳ ಬೇಕಿತ್ತು, ಬಂಡವಾಳ ಇದ್ದವನು ಯಜಮಾನನಾಗುತ್ತಿದ್ದ. ಹಳೆಯ ಅರವೊಂದನ್ನು ಉಜ್ಜಿ ಹೊಸ ಬಾಯಿ ತೆಗೆದು, ಅಂಗಳದ ತುಂಡೊಂದನ್ನು ಹಿಡಿಯಾಗಿ ಕಡೆದು, ಮರುದಿನವೇ ಮಾದರಿ ತೋರಿಸಬಲ್ಲವರಿಗೆ ಆ ಬಂಡವಾಳ ಬೇಕಿಲ್ಲ. ಹಿಡಿ ಕಸುಬನ್ನು ಶ್ರೀಮಂತ ಮಾಡಲಿಲ್ಲ. ಅದು ಬದಲಾಗುವ ಶಕ್ತಿಯನ್ನು ಕಸುಬಿನ ಒಳಗೇ ಇಟ್ಟಿತು.

ಹಾಗಾದರೆ ಚಾಟರ್ಟನ್ ಅವರನ್ನೂ ಆ ಕಾಲದ ನೀತಿಯನ್ನೂ ದೂರಬೇಕೇ? ಬೇಡ. ಆ ಪೀಳಿಗೆಯ ಸುಧಾರಕರು ಅಳೆದದ್ದು ಅಶ್ವಶಕ್ತಿ, ಉತ್ಪನ್ನದ ಪ್ರಮಾಣ, ರಫ್ತಿನ ಬೆಲೆ. 1916ರಿಂದ 1918ರವರೆಗೆ ಕೆಲಸ ಮಾಡಿದ ಭಾರತೀಯ ಕೈಗಾರಿಕಾ ಆಯೋಗದಲ್ಲಿ ಚಾಟರ್ಟನ್ ಸದಸ್ಯರಾಗಿದ್ದರು. ಅಲ್ಲಿ ದೇಶದ ಕೈಗಾರಿಕೆಯ ಚಿತ್ರ ಬರೆಯಲು ಬೇಕಾದ್ದು ಅಂಥ ಅಳತೆಗಳೇ. ಸಣ್ಣ ಕಸುಬುಗಳಿಗೂ ಒಳ್ಳೆಯ ಉಪಕರಣ ತಲುಪಬೇಕೆಂಬ ಕಾಳಜಿ ಅವರಿಗಿತ್ತು. ಕೊರತೆ ಇದ್ದದ್ದು ಉಪಕರಣ ಎಂದರೆ ಕೊಂಡು ತಂದು ಕೊಡುವ ವಸ್ತು ಎಂಬ ಎಣಿಕೆಯಲ್ಲಿ. ಅದರ ಎದುರು ನಿಂತ ಕಲಾಪಕ್ಷಪಾತಿಗಳೂ ಈ ವಿಷಯದಲ್ಲಿ ಮೇಲಲ್ಲ. ಆನಂದ ಕುಮಾರಸ್ವಾಮಿಯವರು 1909ರಲ್ಲಿ ಭಾರತದ ಕುಶಲಕರ್ಮಿಯ ಬಗ್ಗೆ ಬರೆದ ಪುಸ್ತಕದಲ್ಲಿ ಅವನ ಸಮಾಜ, ಧರ್ಮ, ಪರಂಪರೆಗಳಿಗೆ ಎತ್ತರದ ಜಾಗ ಕೊಟ್ಟರು. ಎರಡು ಪಕ್ಷಗಳೂ ಕುಶಲಕರ್ಮಿಯ ಪರವಾಗಿ ಪ್ರಾಮಾಣಿಕವಾಗಿ ವಾದಿಸಿದವು. ಒಂದು ಪಕ್ಷದ ಕಣ್ಣು ಯಂತ್ರದ ಮೇಲೆ ನೆಟ್ಟಿತ್ತು, ಇನ್ನೊಂದರದು ಮಾಡಿದ ವಸ್ತುವಿನ ಸೊಬಗಿನ ಮೇಲೆ. ಅವೆರಡರ ನಡುವೆ, ಕೈಗೂ ಉಕ್ಕಿಗೂ ಮಧ್ಯೆ ಇರುವ ಒಂದು ಮೊಳ ಮರದ ತುಂಡು ಇಬ್ಬರ ಲೆಕ್ಕಕ್ಕೂ ಸಿಗಲಿಲ್ಲ.

ಈಗಿನ ನೀತಿ ಮಾಡುವವರಿಗೆ ಈ ಲೆಕ್ಕ ಬೇಕಾಗಿದೆ. ಕಳೆದ ಕೆಲವು ದಶಕಗಳಲ್ಲಿ ಚನ್ನಪಟ್ಟಣದ ಮೋಟರ್ ಲೇತುಗಳ ಮುಂದೆ ಹೆಂಗಸರೂ ಕೂತಿದ್ದಾರೆ. ಗಂಡಸರ ಅಂಗೈಗೆಂದು ಕಡೆದ ದಪ್ಪ ಹಿಡಿಯನ್ನು ಸಣ್ಣ ಅಂಗೈ ಬಿಗಿಯಾಗಿ ಅವುಚಲು ಹೆಚ್ಚು ಬಲ ಹಾಕಬೇಕು, ಮಣಿಕಟ್ಟು ಬೇಗ ಸೋಲುತ್ತದೆ, ಸೋತ ಕೈಯಲ್ಲಿ ಉಳಿ ಕಚ್ಚಿಕೊಳ್ಳುವ ಅಪಾಯ ಹೆಚ್ಚು. ತರಬೇತಿಯ ಕೊನೆಗೆ ಎಲ್ಲರಿಗೂ ಒಂದೇ ಅಳತೆಯ ಉಳಿಗಳ ಪೆಟ್ಟಿಗೆ ಹಂಚುವುದು ಆಡಳಿತಕ್ಕೆ ಸುಲಭ. ಅದರ ಬದಲು ಹಿಡಿಯಿಲ್ಲದ ಉಳಿಗಳನ್ನೂ ಒಣಗಿದ ಒಳ್ಳೆಯ ಮರದ ತುಂಡುಗಳನ್ನೂ ಕೊಟ್ಟು, ಕಲಿಯುವವರು ಮೊದಲು ಕಡೆಯುವ ವಸ್ತು ತಮ್ಮ ಅಂಗೈಗೆ ತಕ್ಕ ಹಿಡಿಯೇ ಆಗುವಂತೆ ಪಾಠ ಕಟ್ಟಬೇಕು. ತೂತಿನ ಸುತ್ತ ಕಡೆಯುವುದು, ಬಳೆ ಬಿಗಿಯಾಗುವಷ್ಟು ಅಳತೆ ಉಳಿಸುವುದು, ಅಂಗೈಗೆ ಉಬ್ಬು ಬಿಡುವುದು, ಇಷ್ಟರಲ್ಲಿ ಲೇತಿನ ಮುಖ್ಯ ಪಾಠಗಳೆಲ್ಲ ಬಂದುಹೋಗುತ್ತವೆ. ಇದರ ಜೊತೆಗೆ ಆಗಬೇಕಾದ ಇನ್ನೊಂದು ಕೆಲಸ ಚರಿತ್ರೆ ಬರೆಯುವವರದು. ಬಿಲ್ಲಿನ ಲೇತಿನಲ್ಲಿ ಕಾಲಿನಿಂದ ಉಳಿ ನಡೆಸಿದ ಹಿರಿಯರ ಮನೆಗಳಲ್ಲಿ ಹಳೆಯ ಹಿಡಿಗಳು ಉಳಿದಿರುವಲ್ಲೆಲ್ಲ ಅವುಗಳ ಉದ್ದ, ದಪ್ಪ, ಮರದ ಜಾತಿ, ಬಳೆಯ ಲೋಹ, ಯಾವ ಕೆಲಸಕ್ಕೆ ಎಂಬುದನ್ನು ಬರೆದಿಟ್ಟುಕೊಂಡು, ಮೋಟರ್ ಲೇತಿನ ಹಿಡಿಗಳ ಪಕ್ಕಕ್ಕಿಟ್ಟು ನೋಡಬೇಕು. ರಾಮನಗರ ಚನ್ನಪಟ್ಟಣದ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ಅಳತೆಪಟ್ಟಿ, ಒಂದು ನೋಟ್‌ಬುಕ್ಕು ಸಾಕಾಗುವ ಕೆಲಸ ಇದು, ಆ ಹಿಡಿಗಳು ಒಲೆ ಸೇರುವ ಮೊದಲು ಆಗಬೇಕಾದ್ದು.